ದುರ್ಗದಿಂದ ಮಧುಗಿರಿಗೆ, ಉಳುಕಿದ ಕಾಲಲ್ಲಿ

ದೇವರಾಯನದುರ್ಗದ ನೆತ್ತಿಯಲ್ಲಿ ನಿಂತು ಉತ್ತರಕ್ಕೆ ತಿರುಗಿದರೆ, ಬಾನು ತಿಳಿಯಾಗಿದ್ದ ದಿನ, ಕೊರಟಗೆರೆ ಕಡೆಯ ಬೆಟ್ಟಗಳು ಒಂದರ ಹಿಂದೊಂದು ಕಾಣುತ್ತವೆ. ಅವುಗಳಾಚೆ ಮಧುಗಿರಿ. ಇವನ್ನು ಬಸ್ಸಲ್ಲಿ ಹೋಗಿ ಹತ್ತಿ ಇಳಿದವರು ನಮ್ಮ ತುಮಕೂರಲ್ಲಿ ಬೇಕಾದಷ್ಟು ಜನ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು ಅನ್ನೋದು ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಹಳೇ ಹಟ, ನಿವೃತ್ತಿಯಾದ ಮೇಲೆ ಅದು ಇನ್ನಷ್ಟು ಜೋರಾಗಿತ್ತು. ಕೊನೆಗೆ ಡಿಸೆಂಬರ್ ರಜೆಯಲ್ಲಿ ನಾಲ್ಕು ಜನ ಹೊರಟೆವು: ಮೇಷ್ಟ್ರು, ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಸ್ಟಾಫ್ ನರ್ಸ್. ಆಮೇಲಿನದಕ್ಕೆಲ್ಲ ಅದೇ ಆಧಾರವಾಯಿತು.

ದಾರಿ ಹೀಗೆ ಹಾಕಿಕೊಂಡಿದ್ದೆವು: ನಾಮದ ಚಿಲುಮೆ, ದುರ್ಗ, ಇಳಿದು ಕೊರಟಗೆರೆ ಸೀಮೆ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸಿದ್ಧರಬೆಟ್ಟ, ಮತ್ತೆ ಚನ್ನರಾಯನದುರ್ಗ, ಕಡೆಗೆ ಮಧುಗಿರಿ. ತುಮಕೂರಿಂದ ಮಧುಗಿರಿಗೆ ನೇರ ರಸ್ತೆಯಲ್ಲಿ 40 ಚಿಲ್ಲರೆ ಕಿಲೋಮೀಟರು. ನಮ್ಮದು ಸುತ್ತುಬಳಸು ದಾರಿ. ದುರ್ಗದ ಸುತ್ತ ಇರೋದು ಮೀಸಲು ಅರಣ್ಯ. ಕರಡಿ, ಚಿರತೆ ಎರಡೂ ಇರೋ ಕಾಡು, ಅನುಮತಿ ಇಲ್ಲದೆ ಒಳಗೆ ನುಗ್ಗುವ ಹಾಗಿಲ್ಲ. ಹಾಗಾಗಿ ರಸ್ತೆ, ಗಾಡಿದಾರಿ, ಕೆರೆ ಏರಿ, ದೇವಸ್ಥಾನದ ಮೆಟ್ಟಿಲು ಇವುಗಳನ್ನೇ ಹಿಡಿದೆವು. ಹೊತ್ತು ಮುಳುಗೋ ಮುಂಚೆ ಯಾವುದಾದರೂ ಊರು ಸೇರಬೇಕು ಅನ್ನೋದು ಮೇಷ್ಟ್ರ ಕಾನೂನು.

ದುರ್ಗಕ್ಕೆ ಹತ್ತಿದ್ದು ಸುಲಭವಾಗಿ ಆಯಿತು. ಕೆಳಗೆ ಭೋಗಾನರಸಿಂಹನ ಗುಡಿಯಲ್ಲಿ ಧನುರ್ಮಾಸದ ಪೂಜೆ ನಡೀತಿತ್ತು, ದೊನ್ನೆಯಲ್ಲಿ ಬಿಸಿ ಹುಗ್ಗಿ ಸಿಕ್ಕಿತು. ಮೇಲೆ ಯೋಗಾನರಸಿಂಹನ ದರ್ಶನ ಮಾಡಿ, ಬಂಡೆ ಮೇಲೆ ಕೂತು ಮೇಷ್ಟ್ರು ನದಿಗಳ ಪಾಠ ಶುರುಮಾಡಿದರು. ಜಯಮಂಗಲಿ ಹುಟ್ಟೋದು ಇಲ್ಲೇ, ಶಿಂಷಾ ಹುಟ್ಟೋದೂ ಇದೇ ದುರ್ಗದಲ್ಲಿ. ಒಂದು ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತೆ, ಇನ್ನೊಂದು ದಕ್ಷಿಣಕ್ಕೆ ಹರಿದು ಕಾವೇರಿ. ‘ನಾವು ಜಯಮಂಗಲಿ ಜೊತೆ ಹೋಗೋಣ’ ಅಂದರು. ಪಕ್ಕದ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಇರಬಹುದು ಅಂತ ಅಣ್ಣ ಅರ್ಧ ಗಂಟೆ ಬೈನಾಕ್ಯುಲರ್ ಹಿಡಿದು ಕೂತ. ಅದು ದಕ್ಷಿಣದ ಕಲ್ಲುಬೆಟ್ಟಗಳಲ್ಲಷ್ಟೇ ಇರೋ ಹಕ್ಕಿ, ದುರ್ಗದಲ್ಲಿ ಸಿಗುತ್ತೆ. ಅವತ್ತು ಸಿಗಲಿಲ್ಲ.

ಮೆಟ್ಟಿಲು ಪೂರ್ತಿ ಇಳಿದು ಮುಗಿದಿತ್ತು. ರಸ್ತೆಗೆ ಸೇರೋ ಕಡೆ ಒಂದು ಇಳಿಜಾರು ಬಂಡೆ. ನಮ್ಮ ಸೀಮೆಯ ಬೆಟ್ಟಗಳ ಕಲ್ಲು ಬಹುಪಾಲು ಗ್ರಾನೈಟು. ರಾಮನಗರದಿಂದ ತುಮಕೂರು, ಮಧುಗಿರಿ, ಪಾವಗಡ ಹಾದು ಬಳ್ಳಾರಿವರೆಗೆ ಹೋಗೋ ಈ ಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟು ಅನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ಅದು ದಪ್ಪ ದಪ್ಪ ಗರಸಾಗಿ ಉದುರುತ್ತೆ. ಬರೀ ಬಂಡೆ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತೆ. ಅದರ ಮೇಲೆ ಗರಸು ಕೂತಿದ್ದರೆ ಮಾತ್ರ ನೆಲಗಟ್ಟಿನ ಮೇಲೆ ರಾಗಿ ಚೆಲ್ಲಿದ ಹಾಗೆ. ಎಡಗಾಲು ಜಾರಿ ಒಳಕ್ಕೆ ಮಡಚಿತು, ಮೈಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬಿತ್ತು. ಏನೋ ಕಿತ್ತ ಹಾಗೆ ಒಂದು ಸದ್ದು ನನಗೊಬ್ಬಳಿಗೇ ಕೇಳಿಸಿತು.

ಕೂತೆ. ಅಣ್ಣ ಓಡಿ ಬಂದು ಶೂ ಬಿಚ್ಚೋಕೆ ಹೋದ. ‘ಬಿಚ್ಚು, ಆದರೆ ತಿರುಚಬೇಡಿ’ ಅಂತ ಅತ್ತಿಗೆ ಅವನನ್ನು ಸರಿಸಿ ತಾವೇ ಕೂತರು. ಅವರು ಮಾಡಿದ್ದನ್ನು ಬರೆಯಬೇಕು, ಯಾಕೆಂದರೆ ಬೆಟ್ಟಕ್ಕೆ ಹೋಗೋ ಪ್ರತಿ ಗುಂಪಲ್ಲೂ ಒಬ್ಬರಿಗೆ ಇದು ಗೊತ್ತಿರಬೇಕು. ಮೊದಲು ಊತ ನೋಡಲಿಲ್ಲ. ಗಿಣ್ಣಿನ ಹೊರಮೂಳೆಯ ಹಿಂಭಾಗವನ್ನು ಹೆಬ್ಬೆರಳಲ್ಲಿ ಒತ್ತುತ್ತ ಕೆಳಗೆ ಬಂದರು, ಆಮೇಲೆ ಒಳಮೂಳೆಯ ಹಿಂಭಾಗ. ಪಾದದ ಹೊರ ಅಂಚಲ್ಲಿ ಕಿರುಬೆರಳಿನ ಸಾಲಿಗೆ ಹಿಂದೆ ಒಂದು ಗುಬ್ಬು ಮೂಳೆ ಇದೆ, ಅದನ್ನು ಒತ್ತಿದರು. ಪಾದದ ಒಳಬದಿಯ ನಡುವೆ ಇನ್ನೊಂದು ಕಡೆ. ‘ಮೂಳೆ ಮೇಲೇ ನೋವಾ, ಮೂಳೆ ಪಕ್ಕದ ಮೆತ್ತಗಿರೋ ಜಾಗದಲ್ಲಾ? ಸರಿಯಾಗಿ ಹೇಳು.’ ನೋವು ಇದ್ದದ್ದು ಗಿಣ್ಣಿನ ಮುಂದೆ, ಕೆಳಗೆ, ಮೆತ್ತಗಿನ ಜಾಗದಲ್ಲಿ. ಆಮೇಲೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ಕುಂಟಿದರೂ ಪರವಾಗಿಲ್ಲ, ಆ ಕಾಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡೋಕಾಗುತ್ತಾ ಅನ್ನೋದೇ ಪ್ರಶ್ನೆ. ಇಟ್ಟೆ.

ಇದಕ್ಕೆ ಒಟ್ಟಾವಾ ನಿಯಮ ಅಂತ ಹೆಸರು. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಕಾಲು ಉಳುಕಿಸಿಕೊಂಡು ಬಂದವರಿಗೆಲ್ಲ ಎಕ್ಸ್‌ರೇ ತೆಗೆಯೋ ಅಭ್ಯಾಸ ಆಸ್ಪತ್ರೆಗಳಲ್ಲಿತ್ತು, ಮೂಳೆ ಮುರಿದಿರುತ್ತಿದ್ದುದು ಕೆಲವರಿಗೆ ಮಾತ್ರ. ಯಾರಿಗೆ ಎಕ್ಸ್‌ರೇ ಬೇಕು, ಯಾರಿಗೆ ಬೇಡ ಅಂತ ಬೆರಳಲ್ಲೇ ಒತ್ತಿ, ನಡೆಸಿ ತಿಳಿಯೋ ದಾರಿ ಇದು. ಮೂಳೆಯ ಆ ಜಾಗಗಳಲ್ಲಿ ನೋವಿದ್ದರೆ, ಇಲ್ಲವೇ ನಾಲ್ಕು ಹೆಜ್ಜೆ ಇಡೋಕಾಗದಿದ್ದರೆ ನಡಿಗೆ ಅಲ್ಲಿಗೇ ಬಂದ್, ನೇರ ಆಸ್ಪತ್ರೆ. ನನ್ನದು ಎರಡೂ ಅಲ್ಲ. ಲಿಗಮೆಂಟು, ಅಂದರೆ ಮೂಳೆಗಳನ್ನು ಕೂಡಿಸಿ ಹಿಡಿಯೋ ನಾರು, ಎಳೆದಿದೆ, ಎಷ್ಟು ಅನ್ನೋದು ಊತ ಇಳಿದ ಮೇಲೆ ಗೊತ್ತಾಗುತ್ತೆ ಅಂದರು ಅತ್ತಿಗೆ.

ಬೆರಳಿನ ಬುಡದಿಂದ ಮೇಲಕ್ಕೆ, ಎಂಟರ ಆಕಾರದಲ್ಲಿ ಕ್ರೇಪ್ ಬ್ಯಾಂಡೇಜು ಸುತ್ತಿದರು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ಬಿಳಿಚಿಕೊಂಡದ್ದು ತಕ್ಷಣ ಕೆಂಪಾಯಿತಾ ನೋಡಿದರು. ಆಗದಿದ್ದರೆ ಕಟ್ಟು ಬಿಗಿ ಅಂತ ಅರ್ಥ. ನಂತರ ಕೆಳಗಿನ ಊರಿಂದ ಒಂದು ಲಗೇಜ್ ಆಟೋ ಹಿಡಿದು ನನ್ನನ್ನು ಕೂರಿಸಿ ತುಂಬಾಡಿ ಕಡೆ ಇರೋ ಸೋದರತ್ತೆ ಮನೆಗೆ ಕಳಿಸಿದರು. ಅವರು ಮೂವರೂ ನಡೆದೇ ಬಂದರು. ಟೊಮೆಟೊ ಕ್ರೇಟುಗಳ ನಡುವೆ ಕಾಲು ಎತ್ತಿಟ್ಟುಕೊಂಡು ಹೋಗುವಾಗ ಹಿಂದೆ ಅವರು ಮೂವರು ಚಿಕ್ಕವರಾಗುತ್ತ ಹೋದದ್ದು ನೋಡಿ ನನಗೆ ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು.

ಅತ್ತೆ ಮನೆಯಲ್ಲಿ ವೈದ್ಯರಿಗೆ ಬರ ಇರಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಒಬ್ಬರು ಹುಣಸೆ ಸೊಪ್ಪು ಬೇಯಿಸಿ ಕಟ್ಟಿ ಅಂದರು. ಇನ್ನೊಬ್ಬರು ಅರಿಶಿನ ಸುಣ್ಣ ಕಲಸಿ ಪಟ್ಟು ಹಾಕಿ ಅಂದರು. ಪಕ್ಕದ ಮನೆ ಅಜ್ಜಿ ಲಕ್ಕಿ ಸೊಪ್ಪಿನ ಕಟ್ಟನ್ನೇ ತಂದಿಟ್ಟು, ‘ನೀರು ಕಾಯಿಸಿ ಹುಯ್ಕೊ ತಾಯಿ, ಬೆಳಗ್ಗೆಗೆ ಎದ್ದು ಕುಣೀತೀಯ’ ಅಂದರು. ಕಾಲು ಮುಂದಾಗಿ ಹುಟ್ಟಿದ ಹುಡುಗನೊಬ್ಬನನ್ನು ಕರೆಸಿ ಅವನಿಂದ ಒದೆಸಿದರೆ ಉಳುಕು ಹೋಗುತ್ತೆ ಅನ್ನೋ ಮಾತೂ ಬಂತು. ಆ ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ, ಪಾಪ, ನನಗಿಂತ ಅವನಿಗೇ ನಾಚಿಕೆ. ಉಳುಕು ಎಳೆದು ತೆಗೆಯೋರು ಊರಲ್ಲೇ ಇದ್ದರು. ಅಣ್ಣ ಬೇರೆ, ‘ಸುಮ್ನೆ ಪುತ್ತೂರು ಕಟ್ಟು ಹಾಕ್ಸಿಬಿಡೋಣ, ನಮ್ಮಪ್ಪನ ಕೈ ಅದ್ರಲ್ಲೇ ಸರಿಹೋಯ್ತು’ ಅಂತ ಹಿಡಿದ ಹಟ ಬಿಡಲಿಲ್ಲ.

ಅತ್ತಿಗೆ ಯಾರಿಗೂ ಇಲ್ಲ ಅನ್ನಲಿಲ್ಲ, ಯಾರದನ್ನೂ ಮಾಡಲೂ ಇಲ್ಲ. ‘ಮೊದಲ ಎರಡು ಮೂರು ದಿನ ತಿಕ್ಕೋದು ಬೇಡ, ಎಳೆಯೋದು ಬೇಡ, ಬಿಸಿ ಬೇಡ. ಒಳಗೆ ರಕ್ತ ಜಿನುಗ್ತಾ ಇರುತ್ತೆ, ಜಾಸ್ತಿ ಆಗುತ್ತೆ. ಆಮೇಲೆ ನಿಮ್ ಲಕ್ಕಿ ಸೊಪ್ಪಿನ ನೀರು ಹುಯ್ಯೋಣ ಅಜ್ಜಿ’ ಅಂದರು. ಅಜ್ಜಿಗೂ ಸಮಾಧಾನ. ಹುಯ್ದರು ಕೂಡ, ಹೇಳಿದ ದಿನಕ್ಕೆ ಸರಿಯಾಗಿ. ಅದರಿಂದ ಲಿಗಮೆಂಟು ಕೂಡಿತು ಅಂತ ನಾನು ಹೇಳೋದಿಲ್ಲ, ಆ ರಾತ್ರಿ ನಿದ್ದೆ ಮಾತ್ರ ಚೆನ್ನಾಗಿ ಬಂತು.

ಐಸ್ ವಿಷಯದಲ್ಲಿ ನಾನೇ ವಾದ ಮಾಡಿದೆ. ಓದಿದ್ದೆನಲ್ಲ, ಉಳುಕಿದರೆ ವಿಶ್ರಾಂತಿ, ಐಸು, ಬಿಗಿ ಕಟ್ಟು, ಕಾಲು ಎತ್ತಿಡೋದು. ಈ ಸೂತ್ರವನ್ನು 1978ರಲ್ಲಿ ಹೇಳಿದ್ದು ಅಮೆರಿಕದ ಗೇಬ್ ಮಿರ್ಕಿನ್ ಅನ್ನೋ ವೈದ್ಯ. ಅದೇ ಮಿರ್ಕಿನ್ 2014ರಲ್ಲಿ, ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗೋದನ್ನು ನಿಧಾನ ಮಾಡಬಹುದು ಅಂತ ತನ್ನ ಮಾತನ್ನೇ ತಿದ್ದಿಕೊಂಡರು ಅನ್ನೋದನ್ನು ಅತ್ತಿಗೆ ಹೇಳಿದರು. ನೋವು ತಡೆಯೋಕಾಗದಿದ್ದರೆ ಸ್ವಲ್ಪ ಹೊತ್ತು ತಣ್ಣೀರು ಬಟ್ಟೆ ಸಾಕು. ಉರಿಯೂತ ಇಳಿಸೋ ಮಾತ್ರೆಯೂ ಮೊದಲ ದಿನಗಳಲ್ಲಿ ಬೇಡ ಅಂದರು, ಪ್ಯಾರಾಸಿಟಮಾಲ್ ಒಂದೇ, ಅದೂ ಮಲಗೋ ಮುಂಚೆ. ಕಾಲನ್ನು ಎದೆಗಿಂತ ಎತ್ತರಕ್ಕೆ ರಗ್ಗಿನ ಮೇಲಿಟ್ಟು ಮಲಗಿ, ಬೆರಳಿಂದ ಗಾಳಿಯಲ್ಲಿ ಕನ್ನಡ ಅಕ್ಷರ ಬರೀತಿದ್ದೆ. ‘ಅ’ದಿಂದ ಶುರು. ‘ಳ’ಗೆ ಬರೋ ಹೊತ್ತಿಗೆ ನೋವು ಗೊತ್ತಾಗುತ್ತಿತ್ತು.

ಯಾರೂ ಹೇಳದ ಕಷ್ಟ ಇನ್ನೊಂದಿದೆ. ಹಳ್ಳಿ ಮನೆಯ ಪಾಯಖಾನೆ. ಕುಕ್ಕರಗಾಲಲ್ಲಿ ಕೂರಬೇಕೆಂದರೆ ಗಿಣ್ಣು ಪೂರ್ತಿ ಬಾಗಲೇಬೇಕು, ಉಳುಕಿದ ಕಾಲು ಬಾಗೋದಿಲ್ಲ. ಒಂದು ಕಾಲು ಮುಂದಕ್ಕೆ ಚಾಚಿ, ಗೋಡೆ ಹಿಡಿದು ನಾನು ಪಟ್ಟ ಪಾಡಿನ ಮುಂದೆ ಮಧುಗಿರಿ ಬೆಟ್ಟ ಏನೂ ಅಲ್ಲ. ಅತ್ತೆ ಎರಡನೇ ದಿನವೇ ನಡುವೆ ತೂತಿರೋ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಲ್ಲಿಂದಲೋ ತರಿಸಿದರು. ಊಟಕ್ಕೆ ಚಕ್ಕಳಮಕ್ಕಳ ಹಾಕೋದೂ ಆಗುತ್ತಿರಲಿಲ್ಲ. ಅವರೇಕಾಳಿನ ಕಾಲ. ಸೊಗಡಿನ ಹುಳಿ, ಬಿಸಿ ಮುದ್ದೆ, ಎತ್ತರದ ಮಣೆ ಮೇಲೆ ರಾಣಿ ಹಾಗೆ ನಾನು.

ಮುಂದುವರಿಯಬೇಕಾ ಬೇಡವಾ ಅನ್ನೋ ಪ್ರಶ್ನೆ ಬಂದಾಗ ನನ್ನನ್ನು ಕೇಳಿದರು. ‘ಪರವಾಗಿಲ್ಲ, ಹೋಗೋಣ’ ಅಂದೆ. ಅತ್ತಿಗೆ ತಟ್ಟೆ ಕೆಳಗಿಟ್ಟರು.

‘ಆ ಪರವಾಗಿಲ್ಲ ಅನ್ನೋದನ್ನ ಇವತ್ತಿಂದ ಬಿಡು. ವಾರ್ಡಲ್ಲಿ ಎಲ್ಲಾರೂ ಅದನ್ನೇ ಹೇಳೋದು. ನೋವು ಹತ್ತಕ್ಕೆ ಎಷ್ಟು, ಅದನ್ನ ಹೇಳು.’

‘ನಾಲ್ಕು.’

‘ನಡೆದಾಗ್ಲಾ, ಕೂತಾಗ್ಲಾ?’

ಕೂತಾಗ ಎರಡು, ನಡೆದಾಗ ನಾಲ್ಕು. ಅಲ್ಲಿಂದಾಚೆ ನಮ್ಮ ಮಾತುಕತೆಯೇ ಈ ಲೆಕ್ಕದಲ್ಲಿ ನಡೆಯಿತು. ಐದು ದಾಟಿದರೆ ಕೂರೋದು. ಕೂತ ಮೇಲೂ ಇಳಿಯದಿದ್ದರೆ ಬಸ್ಸು. ಮಾರನೇ ದಿನ ಬೆಳಗ್ಗೆ ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ಆ ದಿನ ನಡಿಗೆ ಇಲ್ಲ. ನಡೆಯೋ ಮುಂಚೆ ನೋವಿನ ಮಾತ್ರೆ ನುಂಗೋ ಹಾಗಿಲ್ಲ, ಲೆಕ್ಕ ಸುಳ್ಳಾಗುತ್ತೆ. ಮೇಷ್ಟ್ರು ತಮ್ಮ ಕಡೆಯಿಂದ ಬೆಳಗಿನ ಪರೀಕ್ಷೆಯೊಂದನ್ನು ಸೇರಿಸಿದರು: ಉಳುಕಿದ ಕಾಲೊಂದರ ಮೇಲೆ ನಿಲ್ಲೋದು, ಆ ಕಾಲಲ್ಲೇ ಹಿಮ್ಮಡಿ ಎತ್ತೋದು, ಬಾಗಿಲ ಮೆಟ್ಟಿಲು ಇಳಿಯೋದು. ಮೂರೂ ಆಗುವ ತನಕ ಅತ್ತೆ ಮನೆಯಿಂದ ಕದಲಲಿಲ್ಲ. ರಜೆ ಮುಗೀತಿತ್ತು, ಅಣ್ಣ ಫೋನಲ್ಲೇ ಇನ್ನಷ್ಟು ರಜೆ ಹಾಕಿದ. ಅವನು ಯಾವ ಕಾರಣ ಕೊಟ್ಟ ಅಂತ ಇಲ್ಲಿ ಬರೆಯೋದಿಲ್ಲ.

ವಿಚಿತ್ರ ಅಂದರೆ, ನಂಬರು ಒಂದೇ ಆದರೂ ಮೂವರಿಗೂ ಬೇರೆ ಬೇರೆ ಕೇಳಿಸುತ್ತಿತ್ತು. ನಾಲ್ಕು ಅಂದರೆ ಅಣ್ಣನಿಗೆ ‘ಹಾಗಾದ್ರೆ ಹೊರಡೋಣ’. ಮೇಷ್ಟ್ರಿಗೆ ‘ನೆರಳು ಸಿಕ್ಕ ಕಡೆ ಕೂರೋಣ’. ಅತ್ತಿಗೆ ನಂಬರು ಕೇಳಿದ ಮೇಲೂ ನನ್ನ ಮುಖ, ಹೆಜ್ಜೆ ನೋಡಿ ತಮ್ಮದೇ ಒಂದು ನಂಬರು ಹಾಕಿಕೊಳ್ಳುತ್ತಿದ್ದರು ಅಂತ ನನ್ನ ಅನುಮಾನ.

ಹೊರಡೋ ದಿನ ಅತ್ತೆ ಮಾವನ ಊರುಗೋಲು ತಂದುಕೊಟ್ಟರು. ನನಗೆ ಸಂಕೋಚ, ನಲವತ್ತಕ್ಕೇ ಊರುಗೋಲಾ ಅಂತ. ಮೇಷ್ಟ್ರು ಅದನ್ನು ತೆಗೆದು ನನ್ನ ಬಲಗೈಗೆ ಕೊಟ್ಟರು. ನೋವು ಎಡಗಾಲಿಗೆ, ಕೋಲು ಬಲಗೈಗೆ. ಎಡಗಾಲು ಊರುವಾಗ ಬಲಗೈ ಕೋಲೂ ಜೊತೆಗೇ ಊರಬೇಕು, ಭಾರ ಹಂಚಿಹೋಗುತ್ತೆ. ‘ಸಿನಿಮಾದಲ್ಲಿ ಎಲ್ಲಾರೂ ನೋವಿರೋ ಕಡೆನೇ ಹಿಡೀತಾರೆ ಕಣಮ್ಮ, ನೋಡಿ ನೋಡಿ ಸಾಕಾಯ್ತು’ ಅಂದರು.

ನನ್ನ ಚೀಲದ ಸಾಮಾನನ್ನು ಅಣ್ಣ ಒಂದೂ ಬಿಡದೆ ತನ್ನ ಚೀಲಕ್ಕೆ ತುಂಬಿಕೊಂಡಿದ್ದ. ಮಧ್ಯಾಹ್ನಕ್ಕೆ ಅವನ ಸೊಂಟ ಹಿಡಿಯಿತು. ಅತ್ತಿಗೆ ರಸ್ತೆ ಬದಿಯಲ್ಲೇ ಎಲ್ಲ ಸುರಿದು ಮತ್ತೆ ಹಂಚಿದರು, ನನಗೂ ನೀರಿನ ಬಾಟಲು, ಔಷಧಿ ಡಬ್ಬ ಕೊಟ್ಟರು. ಏನೂ ಹೊರದೆ ಬರಿಗೈಯಲ್ಲಿ ನಡೆಯೋದಕ್ಕಿಂತ ಅದೇ ಹಿತವಾಗಿತ್ತು.

ನಿಧಾನವಾಗಿ ನಡೆಯೋರು ಮುಂದಿರಬೇಕು ಅನ್ನೋದು ಎಲ್ಲ ಚಾರಣದವರೂ ಹೇಳೋ ಮಾತು. ಮೇಷ್ಟ್ರು ನನ್ನನ್ನು ಮುಂದೆ ಬಿಟ್ಟರು. ನನಗೆ ಅದು ಹಿಡಿಸಲೇ ಇಲ್ಲ. ಹಿಂದಿರುವ ಮೂರು ಜೊತೆ ಕಣ್ಣು ನನ್ನ ಹಿಮ್ಮಡಿ ಮೇಲೇ ಇದೆ ಅನ್ನಿಸಿ, ಕುಂಟು ಮುಚ್ಚೋಕೆ ಜೋರಾಗಿ ಹೆಜ್ಜೆ ಹಾಕಿ ನಂಬರು ಐದಕ್ಕೆ ಹತ್ತಿತು. ಎರಡನೆಯವಳಾಗಿ ನಡೆದಾಗ ಸರಿಹೋಯಿತು. ಮುಂದೆ ಅತ್ತಿಗೆ, ಕಲ್ಲು ಅಲುಗಾಡುತ್ತಾ ನೋಡಿ ಹೇಳೋದಕ್ಕೆ, ಹಿಂದೆ ಮೇಷ್ಟ್ರು, ಕೊನೆಗೆ ಅಣ್ಣ, ಹಕ್ಕಿ ನೋಡಿಕೊಂಡು. ನನ್ನನ್ನು ಯಾರೂ ಕಾಯುತ್ತಿಲ್ಲ ಅನ್ನಿಸೋದಕ್ಕೆ ಆ ಹಕ್ಕಿ ಬಹಳ ಸಹಾಯ ಮಾಡಿತು.

ಕಾಲು ಸರಿಯಿದ್ದಾಗ ನೆಲ ಅಂದರೆ ನೆಲ, ಅಷ್ಟೇ. ಈಗ ಒಂದೊಂದು ಬಗೆಯ ನೆಲಕ್ಕೂ ಒಂದೊಂದು ಗುಣ. ಟಾರು ರಸ್ತೆ ಸಮ ಅಂದುಕೊಂಡಿದ್ದೆ. ಅಲ್ಲ. ನೀರು ಹರಿದುಹೋಗಲಿ ಅಂತ ನಡುವೆ ಉಬ್ಬಿಸಿ ಎರಡೂ ಬದಿಗೆ ಇಳಿಜಾರು ಮಾಡಿರುತ್ತಾರೆ. ಎಡಬದಿಯಲ್ಲಿ ನಡೆದರೆ ಎಡಪಾದದ ಹೊರ ಅಂಚು ತಗ್ಗಿಗೆ ವಾಲುತ್ತೆ, ಕಿತ್ತ ಲಿಗಮೆಂಟು ಇರೋದು ಆ ಹೊರಬದಿಯಲ್ಲೇ, ಪ್ರತಿ ಹೆಜ್ಜೆಗೂ ಎಳೆತ. ಬಲಬದಿಗೆ ದಾಟಿದ ಕೂಡಲೇ ನೋವು ಒಂದು ನಂಬರು ಇಳಿಯಿತು. ಎದುರಿಗೆ ಬರೋ ಗಾಡಿ ಕಾಣುತ್ತೆ ಅಂತ ನಡೆಯೋರು ಬಲಬದಿ ಹಿಡಿಯೋದು ಹೇಗೂ ಒಳ್ಳೆಯದೇ. ನನ್ನದು ಬಲಗಾಲಾಗಿದ್ದಿದ್ದರೆ ಫಜೀತಿಯಾಗುತ್ತಿತ್ತು.

ರಾಗಿ ಒಕ್ಕಣೆಯ ಕಾಲ ಬೇರೆ. ಕೊರಟಗೆರೆ ಸೀಮೆಯ ಹಳ್ಳಿ ರಸ್ತೆಗಳಲ್ಲಿ ತೆನೆ ಸಮೇತ ಹುಲ್ಲನ್ನು ಟಾರಿನ ಮೇಲೆ ಹರಡಿರುತ್ತಾರೆ, ಓಡಾಡೋ ಗಾಡಿ ಚಕ್ರವೇ ಒಕ್ಕಿಕೊಡುತ್ತೆ. ಆ ಹುಲ್ಲು ಜಾರುತ್ತೆ. ಮೊದಲ ದಿನ ಅಣ್ಣ ನನ್ನ ರಟ್ಟೆ ಹಿಡಿದು ದಾಟಿಸಿದ. ಆಮೇಲೆ ಕಣ ಮಾಡುತ್ತಿದ್ದ ಹೆಂಗಸರೇ ನೋಡಿ, ‘ಕಾಲ್ ನೋವಾ ಅಕ್ಕ? ತಡೀರಿ’ ಅಂತ ಕೋಲಲ್ಲಿ ಹುಲ್ಲು ಸರಿಸಿ ದಾರಿ ಬಿಡಿಸಿಕೊಡುತ್ತಿದ್ದರು.

ಜಯಮಂಗಲಿಯ ಹೊಳೆಯಲ್ಲಿ ನೀರಿರಲಿಲ್ಲ, ಮರಳಿತ್ತು. ಮೇಷ್ಟ್ರು ಹೊಳೆಯೊಳಗೇ ನಡೆಯೋ ಆಸೆ ಇಟ್ಟುಕೊಂಡಿದ್ದರು. ಒಣ ಮರಳಲ್ಲಿ ಪಾದ ಎಲ್ಲಿ ವಾಲುತ್ತೆ ಹೇಳೋಕಾಗೋದಿಲ್ಲ. ಸ್ವಲ್ಪ ದೂರಕ್ಕೇ ನಂಬರು ಆರು. ದಡ ಹತ್ತಿಬಿಟ್ಟೆವು. ಮೇಷ್ಟ್ರು ಒಬ್ಬರೇ ಹೊಳೆಯೊಳಗೆ, ನಾವು ದಡದ ಹೊಂಗೆ ನೆರಳಲ್ಲಿ, ಕೂಗಿ ಮಾತಾಡಿಕೊಂಡು ಹೋದೆವು.

ಸಿದ್ಧರಬೆಟ್ಟ ಹತ್ತುತ್ತೇನೆ ಅಂತ ನನಗೇ ನಂಬಿಕೆ ಇರಲಿಲ್ಲ. ಮೆಟ್ಟಿಲಿರೋ ಬೆಟ್ಟ, ಗಿಡಮೂಲಿಕೆಗೆ ಹೆಸರಾದದ್ದು. ನೆತ್ತಿ ಹತ್ತಿರ ದೊಡ್ಡ ಬಂಡೆಗಳ ಸಂದಿಯ ಗವಿಯಲ್ಲಿ ಸಿದ್ಧೇಶ್ವರ, ಅಲ್ಲೇ ಜಿನುಗೋ ನೀರು. ಬೆಳಗಿನ ಪರೀಕ್ಷೆ ಪಾಸಾಗಿತ್ತು. ಶೂ ಲೇಸಿನ ಕೊನೇ ತೂತುಗಳಲ್ಲಿ ಒಂದು ಕುಣಿಕೆ ಮಾಡಿ, ಅದರೊಳಗೆ ಲೇಸು ತೂರಿಸಿ ಹಿಮ್ಮಡಿ ಅಲುಗದ ಹಾಗೆ ಅತ್ತಿಗೆ ಬಿಗಿದರು. ಮೇಷ್ಟ್ರ ಮಂತ್ರ ಒಂದೇ: ‘ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.’ ಯಾಕೆಂದರೆ ಮೈಯನ್ನು ಮೇಲಕ್ಕೆ ಎತ್ತೋದಾಗಲಿ, ಬ್ರೇಕು ಹಾಕಿ ಕೆಳಗಿಳಿಸೋದಾಗಲಿ, ಮೇಲಿನ ಮೆಟ್ಟಿಲಲ್ಲಿರೋ ಕಾಲಿನ ಕೆಲಸ. ಆ ಕೆಲಸ ಯಾವಾಗಲೂ ಬಲಗಾಲಿಗೆ ಬೀಳಬೇಕು. ಹತ್ತಿದ್ದು ಮೂರಲ್ಲೇ ಮುಗಿಯಿತು. ಕಾಲಿಗಿಂತ ಕೋತಿಗಳ ಕಾಟ ಜಾಸ್ತಿ. ಇಳಿದದ್ದು ಹತ್ತಿದ್ದರ ಎರಡರಷ್ಟು ಹೊತ್ತು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ, ಅಡ್ಡಡ್ಡ ನಿಂತು. ಮುಡಿ ಕೊಡೋಕೆ ಬಂದ ಮಗುವೊಂದು ನನ್ನ ಪಕ್ಕ ಹಾಗೇ ಇಳಿಯುತ್ತಿತ್ತು. ನಾವಿಬ್ಬರೂ ಒಂದೇ ಹೊತ್ತಿಗೆ ಬುಡ ಸೇರಿದೆವು.

ಅವತ್ತು ಸಂಜೆ ನೋವು ಹೊಸ ಕಡೆ ಬಂತು: ಬಲ ಮಂಡಿ. ದಿನಗಟ್ಟಲೆ ಎಡಗಾಲಿನ ಕೆಲಸವನ್ನೂ ಅದೇ ಮಾಡಿತ್ತಲ್ಲ. ಎಡ ಗಿಣ್ಣು ಮೂರು, ಬಲ ಮಂಡಿ ಐದು. ಇದು ಮಾಮೂಲಿ, ಕುಂಟುತ್ತ ನಡೆದರೆ ನೋವು ದೇಹದೊಳಗೆ ಮನೆ ಬದಲಾಯಿಸುತ್ತೆ ಅಂದರು ಅತ್ತಿಗೆ. ಹಾಗಾಗಿ ಚನ್ನರಾಯನದುರ್ಗಕ್ಕೆ ನಾನು ಹತ್ತಲಿಲ್ಲ. ಅಲ್ಲಿ ಹಾಸುಬಂಡೆ, ಪಾಳುಬಿದ್ದ ಕೋಟೆ ಗೋಡೆ, ಕಳ್ಳಿ, ಮುಳ್ಳು. ನಾನು ಬುಡದ ಊರಲ್ಲಿ ಜಗಲಿ ಮೇಲೆ ಕಾಲು ಚಾಚಿ, ಕಡಲೆಕಾಯಿ ಬಿಡಿಸುತ್ತಿದ್ದವರ ಜೊತೆ ಸೇರಿ ಒಂದು ಮೊರ ಬಿಡಿಸಿದೆ. ವಾಪಸು ಬಂದ ಮೂವರ ಮುಖ ನೋಡಿದರೆ ಚೆನ್ನಾಗಿತ್ತು ಅಂತ ಗೊತ್ತಾಗುತ್ತಿತ್ತು. ನನ್ನ ಮುಂದೆ ಚೆನ್ನಾಗಿತ್ತು ಅನ್ನೋಕೆ ಮೂವರೂ ಹಿಂಜರಿದರು. ನನಗೆ ಅದೇ ಕಿರಿಕಿರಿ. ‘ಏನೇನಿದೆ ಹೇಳ್ರಪ್ಪ, ನನ್ ಕಾಲಿಗೆ ಆಗಿರೋದು, ಕಿವಿಗಲ್ಲ’ ಅಂದ ಮೇಲೆ ಅಣ್ಣ ರಾತ್ರಿ ಮಲಗೋವರೆಗೂ ಬಾಯಿ ಮುಚ್ಚಲಿಲ್ಲ.

ಮಧುಗಿರಿ ಪೇಟೆಗೆ ಕಾಲಿಟ್ಟಾಗ ಬೆಟ್ಟ ತಲೆ ಮೇಲೇ ಬಂದ ಹಾಗಿರುತ್ತೆ. ಒಂದೇ ಕಲ್ಲು. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಮುದ್ರಮಟ್ಟದಿಂದ 3,930 ಅಡಿ. ಸ್ಥಳೀಯ ಪಾಳೆಯಗಾರರು ಕಟ್ಟಿದ ಕೋಟೆ, ಹೈದರಾಲಿ ಕಾಲಕ್ಕೆ ಬಲವಾಯಿತು. ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ಗುಡಿಗಳು, ನೆತ್ತಿಯಲ್ಲಿ ಗೋಪಾಲಕೃಷ್ಣನ ಪಾಳು ಗುಡಿ. ಮೊದಲ ಬಾಗಿಲುಗಳವರೆಗೆ ಮೆಟ್ಟಿಲು ಸಲೀಸು. ಆಮೇಲೆ ಬಂಡೆಯ ಮೈಯಲ್ಲೇ ಕೊರೆದ ಗುಳಿ, ಅರ್ಧ ಪಾದ ಹಿಡಿಸುವಷ್ಟು. ಕೆಲವು ಕಡೆ ಹಿಡಿಯೋಕೆ ಕಬ್ಬಿಣದ ಕಂಬಿ, ಪಕ್ಕದಲ್ಲಿ ಇಳಿಜಾರು ಬಂಡೆ ನೇರ ಕೆಳಕ್ಕೆ.

ಬೆಳಗ್ಗೆ ಗಿಣ್ಣು ಎರಡು, ಮಂಡಿ ಮೂರು. ಇಷ್ಟು ದಿನದಲ್ಲಿ ಅತಿ ಕಡಿಮೆ. ಅಣ್ಣ ಕುಣಿದ. ನಾನು ಗುಳಿಗಳು ಶುರುವಾಗೋ ಕಡೆ ನಿಂತು, ಒಂದೆರಡು ಹತ್ತಿ, ಅಲ್ಲೇ ತಿರುಗಿ ಇಳಿದು ನೋಡಿದೆ. ಹತ್ತೋದು ಆಗುತ್ತಿತ್ತು. ಇಳಿಯುವಾಗ ಅರ್ಧ ಪಾದದ ಜಾಗದಲ್ಲಿ ಎಡ ಗಿಣ್ಣು ಸ್ವಲ್ಪ ವಾಲಿದರೂ ಹಿಡಿದುಕೊಳ್ಳೋದಕ್ಕೆ ಕಂಬಿ ಇಲ್ಲದ ಕಡೆ ಏನೂ ಇಲ್ಲ. ಎಳೆದ ಲಿಗಮೆಂಟಿಗೆ ನೋವು ಹೋದ ಎಷ್ಟೋ ವಾರದ ಮೇಲೂ ತಾನು ಯಾವ ಕೋನದಲ್ಲಿದ್ದೇನೆ ಅನ್ನೋ ಅರಿವು ಪೂರ್ತಿ ವಾಪಸು ಬಂದಿರೋದಿಲ್ಲ ಅಂತ ಅತ್ತಿಗೆ ಹೇಳಿದ್ದರು. ನಂಬರು ನೋವನ್ನು ಹೇಳುತ್ತೆ, ಅದನ್ನು ಹೇಳೋದಿಲ್ಲ. ‘ನಾನು ಇಲ್ಲೇ’ ಅಂದೆ. ಅಣ್ಣ ವಾದಕ್ಕೆ ಬಾಯಿ ತೆಗೆದ, ಅತ್ತಿಗೆ ಅವನ ಚೀಲದ ಪಟ್ಟಿ ಹಿಡಿದು ಮುಂದಕ್ಕೆ ತಿರುಗಿಸಿದರು.

ಮೇಷ್ಟ್ರು ನನ್ನ ಪಕ್ಕ ಕೂತರು. ‘ನೀವು ಹೋಗಿ ಸಾರ್, ನಿಮ್ಮದೇ ಅಲ್ವಾ ಈ ಪ್ಲಾನು’ ಅಂದೆ.

‘ಇರ್ಲಿ ಕಣಮ್ಮ. ನಿನ್ನೊಬ್ಳನ್ನೇ ಬಿಟ್ಟು ಹೆಂಗೆ ಹೋಗ್ಲಿ.’

ಕೋಟೆ ಗೋಡೆಯ ನೆರಳಲ್ಲಿ ಕೂತು ಕಿತ್ತಲೆ ಸುಲಿಯುತ್ತಿದ್ದೆವು. ಅವರು ಬಲ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಚಾಚಿದ್ದು ಕಣ್ಣಿಗೆ ಬಿತ್ತು. ಅದನ್ನು ಹಿಂದೆಯೂ ನೋಡಿದ್ದೆ, ಸಿದ್ಧರಬೆಟ್ಟದ ಬುಡದಲ್ಲಿ, ಹೊಳೆ ದಡದಲ್ಲಿ.

‘ಸಾರ್, ನಿಮ್ದು ಹತ್ತಕ್ಕೆ ಎಷ್ಟು?’

ಮೇಷ್ಟ್ರು ಕಿತ್ತಲೆ ತೊಳೆ ಬಾಯಿಗೆ ಹಾಕಿಕೊಂಡು, ಬೀಜ ಉಗಿದು, ‘ಪರವಾಗಿಲ್ಲ’ ಅಂದರು. ನಾನು ಸುಮ್ಮನೆ ನೋಡುತ್ತ ಕೂತೆ.

‘ಆರು ಅಂತ ಇಟ್ಕೊ. ಆ ಮರಳಲ್ಲಿ ನಡೆದಾಗಿಂದ.’

ಅತ್ತಿಗೆ ಕೆಳಗೆ ಬಂದ ಮೇಲೆ ಹೇಳಿದೆ. ಹೇಳಬೇಡ ಅಂತ ಮೇಷ್ಟ್ರು ಕೈಸನ್ನೆ ಮಾಡುತ್ತಿದ್ದರೂ ಹೇಳಿದೆ. ನೆತ್ತಿ ಮುಟ್ಟಿ ಬಂದ ಖುಷಿಯಲ್ಲಿದ್ದ ಅತ್ತಿಗೆ ಮೇಷ್ಟ್ರನ್ನು ನೋಡಿದ ನೋಟ, ಮೂವತ್ತು ವರ್ಷ ಹುಡುಗರನ್ನು ಹೆದರಿಸಿದ ಮೇಷ್ಟ್ರೇ ತಲೆ ತಗ್ಗಿಸುವಂತಿತ್ತು. ನನ್ನ ಚೀಲದಲ್ಲಿ ಉಳಿದಿದ್ದ ಕ್ರೇಪ್ ಬ್ಯಾಂಡೇಜು ಅವರ ಮಂಡಿಗೆ ಹೋಯಿತು. ಮಧುಗಿರಿ ಬಸ್‌ಸ್ಟ್ಯಾಂಡಿಗೆ ಇಬ್ಬರು ಕುಂಟುತ್ತ ಬಂದೆವು, ಊರುಗೋಲು ಮಾತ್ರ ಒಂದೇ. ಸರದಿ ಮೇಲೆ ಹಿಡಿದೆವು.

ತುಮಕೂರಲ್ಲಿ ಮೂಳೆ ಡಾಕ್ಟರು ನೋಡಿ, ಎರಡನೇ ದರ್ಜೆಯ ಉಳುಕು ಅಂದರು, ಅಂದರೆ ಲಿಗಮೆಂಟು ಅರ್ಧಂಬರ್ಧ ಹರಿದದ್ದು. ಮೂಳೆಗೆ ಏನಾಗಿರಲಿಲ್ಲ. ಈಗ ಫಿಸಿಯೋಥೆರಪಿ: ರಬ್ಬರ್ ಪಟ್ಟಿ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯೋದು, ಹಲ್ಲುಜ್ಜುವಾಗ ಎಡಗಾಲೊಂದರ ಮೇಲೆ ನಿಲ್ಲೋದು, ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲೋದು. ಕಣ್ಣು ಮುಚ್ಚಿದರೆ ಇನ್ನೂ ಸಿಂಕು ಹಿಡಿಯಬೇಕಾಗುತ್ತೆ. ಮೇಷ್ಟ್ರಿಗೆ ಮಂಡಿಚಿಪ್ಪಿನ ಸವೆತ, ಅವರಿಗೆ ತೊಡೆ ಬಲಪಡಿಸೋ ವ್ಯಾಯಾಮ ಕೊಟ್ಟಿದ್ದಾರೆ. ಇಬ್ಬರೂ ಹೋಗೋದು ಒಂದೇ ಫಿಸಿಯೋ ಹತ್ತಿರ, ಅಲ್ಲಿ ಕಾಯುವಾಗ ಮೇಷ್ಟ್ರು ಮುಂದಿನ ನಡಿಗೆಯ ನಕ್ಷೆ ಬಿಡಿಸುತ್ತಾರೆ: ಪಾವಗಡದ ಕೋಟೆ, ಅಲ್ಲಿಂದ ನಿಡಗಲ್ಲು. ಅತ್ತಿಗೆ ಒಪ್ಪಿದ್ದಾರೆ. ತಾರೀಖು ಮಾತ್ರ ಹಾಕಿಲ್ಲ. ಈ ಸಲ ಹೊರಡೋ ಮುಂಚೆ ನಾಲ್ಕೂ ಜನ ನಂಬರು ಹೇಳಬೇಕಂತೆ, ಅಣ್ಣನ ಸೊಂಟವೂ ಸೇರಿ.